ಸಭಾಪಾಲಕ ಓಡಿದರೆ

ನಮ್ಮ ಚರ್ಚ್ ಸಭೆಯ ಕಾರ್ಯದರ್ಶಿಯವರಿಗೆ ವಂದನೆಗಳು.

ನಾನು ಬೆಳಿಗ್ಗೆ ಓಡುವುದನ್ನು ನಿಲ್ಲಿಸಬೇಕೆಂಬ ಸಮಿತಿಯ ಸೂಚನೆ ತಲುಪಿತು. ಸಭಾಪಾಲಕ ಓಡುತ್ತಿದ್ದರೆ ಯಾರೋ ಕೊನೆಯುಸಿರೆಳೆಯುತ್ತಿದ್ದಾರೆಂದು ಬೀದಿಯವರು ಗಾಬರಿಬೀಳುತ್ತಾರಂತೆ. ನನ್ನ ಹಿಂದಿನ ಸಭಾಪಾಲಕರು ಭಾನುವಾರವೂ ಆರಾಧನೆಯ ಎರಡನೇ ಗಂಟೆ ಹೊಡೆಯುವ ತನಕ ಮಲಗಿರುತ್ತಿದ್ದರಂತೆ. ಆಗ ಯಾವ ಸಮಿತಿಯೂ ಗಾಬರಿಬಿದ್ದದ್ದನ್ನು ನಾನು ಕೇಳಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಪ್ರಾರ್ಥನೆಗೆ ಕೂತರೆ ಮಾತೇ ಹೊರಡುತ್ತಿರಲಿಲ್ಲ. ಓಡತೊಡಗಿದ ಮೇಲೆ ಉಸಿರಿನ ಜೊತೆ ಒಂದೊಂದೇ ಮಾತು ಬಂತು. ಅದಕ್ಕೇ ಮನಸ್ಸಿಲ್ಲದ ದಿನವೂ ಬೂಟಿನ ಲೇಸು ಕಟ್ಟುತ್ತೇನೆ. ಸದ್ಯಕ್ಕೆ ನನ್ನ ನಂಬಿಕೆ ಅಷ್ಟೇ.

ನಿನ್ನೆ ದರ್ಜಿಯಮ್ಮ ಬಾಗಿಲಿಂದಲೇ ಕೂಗಿದರು: "ಅಯ್ಯನವರೇ, ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲಮ್ಮ."

"ಮತ್ತೆ ನಿಮಗೇನಾಗಿದೆ, ಎದ್ದೆನೋ ಬಿದ್ದೆನೋ ಅಂತ ಓಡ್ತಿದ್ದೀರಲ್ಲ!"

ನಗು ಬಂತು. ಆದರೆ ಇಷ್ಟು ದಿನಗಳಲ್ಲಿ ನನಗೇನಾಗಿದೆ ಎಂದು ಕೇಳಿದವರು ಆಕೆಯೊಬ್ಬರೇ.

ಓಟ ನಿಲ್ಲಿಸಲಾರೆ. ಜನ ಹೆದರಬಾರದೆಂದರೆ ಜೊತೆಗೆ ಓಡಲು ಒಬ್ಬರನ್ನು ಕಳಿಸಿ. ಇಬ್ಬರು ಹರಟುತ್ತ ಓಡಿದರೆ ಸಾವಿನ ಮನೆಗೆ ಹೊರಟಿದ್ದಾರೆಂದು ಯಾರೂ ಅಂದುಕೊಳ್ಳುವುದಿಲ್ಲ. ನೀವೇ ಬಂದರೂ ಆದೀತು. ನಾನು ನಿಧಾನವಾಗಿ ಓಡುತ್ತೇನೆ.

ಇಂತಿ,
ನಿಮ್ಮ ಸಭಾಪಾಲಕ