ಬಿಳಿ ಮರಿಯ ಕೊಂಬು

ಉದ್ಯಾವರ
9-2-1983

ಪ್ರೀತಿಯ ಮೋನೇ ಉಸ್ಮಾನ್,

ಅಸ್ಸಲಾಮು ಅಲೈಕುಂ. ಗಲ್ಫಿನ ಮರಳು ಗಾಳಿಗೆ ನಿನ್ನ ಕೆಮ್ಮು ಮತ್ತೆ ಎದ್ದಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನಾನು ಇಲ್ಲಿ ಗುಂಡುಕಲ್ಲಿನ ಹಾಗೆ ಇದ್ದೇನೆ. ಎಂದಿನಂತೆ ನಾನು ಹೇಳುತ್ತಿದ್ದೇನೆ, ನಿನ್ನ ಹೆಂಡತಿ ಆಸ್ಯಾ ಬರೆಯುತ್ತಿದ್ದಾಳೆ. ನಾನು ಬ್ಯಾರಿಯಲ್ಲಿ ಹತ್ತು ಮಾತು ಹೇಳಿದರೆ ಇವಳು ಕನ್ನಡದಲ್ಲಿ ನಾಲ್ಕು ಗೀಚುತ್ತಾಳೆ. ಉಳಿದ ಆರನ್ನು ಎಲ್ಲಿ ಬಚ್ಚಿಡುತ್ತಾಳೋ ಅಲ್ಲಾಹನಿಗೇ ಗೊತ್ತು.

ನಿನ್ನ ಕಾಗದವನ್ನು ಮೂರು ಸಲ ಓದಿಸಿದೆ. ನೀನು ಕೆಲಸಕ್ಕೆ ಸೇರಿದ ಮೃಗಾಲಯದಲ್ಲಿ ಪಂಜರವೇ ಇಲ್ಲ, ಪ್ರಾಣಿಗಳೆಲ್ಲ ಬಯಲಿನಲ್ಲಿ, ಜನರೇ ಜೀಪಿನೊಳಗೆ ಕೂತು ಇಣುಕುತ್ತಾರೆ ಎಂದೆಯಲ್ಲ, ಹಾಗಾದರೆ ಸಂಜೆಗೆ ಅವುಗಳನ್ನು ಕರೆದು ತರುವವರು ಯಾರು? ನನ್ನ ಆಡುಗಳು ಹೆಸರು ಹಿಡಿದು ಕೂಗದೆ ಗದ್ದೆಯಿಂದ ಕದಲುವುದಿಲ್ಲ. ಹಡಗಿನಲ್ಲಿ ಬಂದಿಳಿದ ಜಿರಾಫೆ ನಿಂತುಕೊಂಡೇ ಹೆತ್ತಿತಂತೆ. ಅಷ್ಟು ಮೇಲಿನಿಂದ ಬಿದ್ದ ಮರಿಯ ಎಲುಬು ಮುರಿಯಲಿಲ್ಲವೇ? ಆ ಬಿಸಿಲಿಗೆ ಚಪ್ಪರ ಹಾಕಿದ್ದೀರಾ? ಹಸಿಹುಲ್ಲು ಯಾವ ಊರಿನಿಂದ ಬರುತ್ತದೆ? ಒಂದನ್ನೂ ಬಿಡದೆ ಉತ್ತರ ಬರೆ. ಪಕ್ಕದ ಮನೆಯ ಗುಣವತಿ ಮೊನ್ನೆ, “ಎಂತ ಖದೀಜಮ್ಮ, ಆಡು ಕಾಯಲಿಕ್ಕೆ ಮಗ ವಿಮಾನದಲ್ಲಿ ಹೋಗಬೇಕಿತ್ತಾ? ಇಲ್ಲಿಯೇ ಉಂಟಲ್ಲ!” ಎಂದು ಹಂಗಿಸಿದಳು. ನನ್ನ ಮಗ ಸಾಕುವ ಬಿಳಿ ಜಿಂಕೆಯ ಕೊಂಬು ನಿನ್ನ ಗಂಡನ ಕೈಗಿಂತ ಉದ್ದ ಎಂದೆ. ಇದನ್ನು ಬರೆಯುವಾಗ ಆಸ್ಯಾ ನಗುತ್ತಿದ್ದಾಳೆ.

ಆ ಬಿಳಿ ಜಿಂಕೆ ತಾನು ಹೆತ್ತ ಮರಿಯನ್ನೇ ಹತ್ತಿರ ಸೇರಿಸಲಿಲ್ಲ ಎಂದು ಕೇಳಿ, ನೀನು ಕಳಿಸಿದ ಮರಿಯ ಫೋಟೋವನ್ನು ಕಿಟಕಿಯ ಬಳಿ ಕೂತು ಚೆನ್ನಾಗಿ ನೋಡಿದೆ. ಎಷ್ಟು ಚಂದದ ಕೊಂಬು, ತೆಳ್ಳಗೆ, ನೆಟ್ಟಗೆ! ಬಾಟಲಿ ಹಾಲನ್ನು ಅದು ನಿನ್ನ ಕೈಯಿಂದ ಮಾತ್ರ ಕುಡಿಯುತ್ತದೆ, ಅದಕ್ಕೇ ಏಪ್ರಿಲ್ ರಜೆ ಬಿಟ್ಟು ಮುಂದಿನ ವರ್ಷ ಬರುತ್ತೇನೆ ಎಂದಿದ್ದೀಯ. ಹಾಗೆಯೇ ಮಾಡು. ತಾಯಿ ಬಿಟ್ಟ ಮರಿಯನ್ನು ನೀನೂ ಬಿಡಬೇಡ. ಆದರೆ ನಿನಗೆ ಒಂದು ದಿನ ಜ್ವರ ಬಂದರೆ ಅದು ಉಪವಾಸ ಬೀಳಬಾರದಲ್ಲ? ಕಳೆದ ವರ್ಷ ನಾನು ಮದುವೆಗೆಂದು ಕಾಪುವಿಗೆ ಹೋದಾಗ ನಮ್ಮ ತಬ್ಬಲಿ ಆಡುಮರಿ ಆಸ್ಯಾಳ ಕೈಯಿಂದ ಒಂದು ತೊಟ್ಟು ಹಾಲೂ ಕುಡಿಯಲಿಲ್ಲ. ಕೊನೆಗೆ ಇವಳು ನಾನು ಬಿಚ್ಚಿಟ್ಟ ಕುಪ್ಪಾಯವನ್ನೇ ತೊಟ್ಟುಕೊಂಡು ಹೋಗಿ ಕೂತಳು. ಮರಿ ಮೂಸಿ ನೋಡಿತು, ಕುಡಿಯಿತು. ನೀನೂ ಬೆವರಿನ ಅಂಗಿಯೊಂದನ್ನು ಒಗೆಯದೆ ಇಟ್ಟುಕೋ, ಬೇಕಾದಾಗ ನಿನ್ನ ಜೊತೆಗಾರ ಅಲೆಕ್ಸಾಂಡರನಿಗೆ ತೊಡಿಸು. ನಗಬೇಡ, ಮಾಡಿ ನೋಡು.

ನನ್ನ ಬಗ್ಗೆ ಚಿಂತೆ ಬೇಡ, ನನಗೆ ಎಂತದೂ ಆಗಿಲ್ಲ. ಅಲ್ಲಿನ ಮನುಷ್ಯರಿಗೂ ಜಿರಾಫೆಗೂ ನನ್ನ ಸಲಾಂ ತಿಳಿಸು. ಅಲ್ಲಾಹನು ನಿನ್ನನ್ನೂ ನಿನ್ನ ಮರಿಯನ್ನೂ ಕಾಯಲಿ.

ನಿನ್ನ ಉಮ್ಮ,
ಖದೀಜಮ್ಮ

ವಿ.ಸೂ.: ಇದು ಆಸ್ಯಾಳ ಮಾತು. ಉಮ್ಮ ಅಸರ್ ನಮಾಝಿಗೆ ಎದ್ದಿದ್ದಾರೆ, ಅವರು ಬರುವುದರೊಳಗೆ ಬರೆಯಬೇಕು. ಫೋಟೋದ ಮರಿಗೆ ಇನ್ನೂ ಕೊಂಬೇ ಬಂದಿಲ್ಲ, ನಿಮಗೂ ಗೊತ್ತು. ಉಮ್ಮ ಫೋಟೋವನ್ನು ತಲೆಕೆಳಗಾಗಿ ಹಿಡಿದಿದ್ದರು. ಕೊಂಬೆಂದು ಕೊಂಡಾಡಿದ್ದು ಅದರ ಕಾಲುಗಳನ್ನು. ನಾನು ತಿದ್ದಲಿಲ್ಲ. ಅವರ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನ ದೃಷ್ಟಿ ಈ ವರ್ಷ ದಾಟುವುದು ಕಷ್ಟ ಎಂದು ಮಣಿಪಾಲದಲ್ಲಿ ಡಾಕ್ಟರು ಹೇಳಿದ್ದಾರೆ. ನಿಮಗೆ ಬರೆಯಬಾರದೆಂದು ಉಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಮುರಿದಿದ್ದೇನೆ. ಏಪ್ರಿಲ್‌ಗೇ ಬನ್ನಿ, ಅವರು ನಿಮ್ಮ ಮುಖವನ್ನು ಒಮ್ಮೆ ನೋಡಲಿ. ಅಂಗಿಯನ್ನು ಅಲೆಕ್ಸಾಂಡರನಿಗೆ ಕೊಟ್ಟು ಬನ್ನಿ, ಮರಿ ಕುಡಿಯುತ್ತದೆ. ಇಲ್ಲಿ ಉಮ್ಮನ ಮುಂದೆ ನಿಮ್ಮ ಅಂಗಿ ತೊಟ್ಟು ಯಾರು ನಿಂತರೂ ಆಗುವುದಿಲ್ಲ.