ಒಣಗದ ಸಂಜೆ

…ಇವತ್ತೂ ಒಣಗಿಲ್ಲ. ಗುರುವಾರ ರಾತ್ರಿ. ಬೆರಳಿಟ್ರೆ ಸಮುದ್ರಾನೇ ಅಂಟ್ಕೊಂಡು ಬರುತ್ತೆ. ಎಣ್ಣೆ ಬಣ್ಣ ಇಷ್ಟು ದಪ್ಪಗೆ ಬಳಿ ಅಂತ ನನಗೆ ಯಾರು ಹೇಳಿದ್ದು? ನಮ್ಮೂರ ಕಡಲ ಸಂಜೆ ಬೆಳಕನ್ನ ತೆಳ್ಳಗೆ ಬಳಿದ್ರೆ ಅಮ್ಮನಿಗೆ ಕಾಣಲ್ಲ ಅನ್ಕೊಂಡೆ. ಅವಳ ಕಣ್ಣು ಮಂಜಾಗ್ತಿದೆ. ಪೂರ್ತಿ ಹೋಗೋದ್ರೊಳಗೆ ಚಿತ್ರ ಕಳಿಸ್ಬೇಕಿತ್ತು.

ನಾನು ಕೆಲಸ ಮಾಡೋ ಬೋರ್ಡ್ ಬರೆಯೋ ಅಂಗಡಿ ಯಜಮಾನ್ರು ನೋಡಿ ನಕ್ರು. "ಈಗ್ಲೇ ಪಾರ್ಸಲ್ ಮಾಡಿದ್ರೆ ಸೂರ್ಯ ಡಬ್ಬಕ್ಕೆ ಅಂಟ್ಕೊಂಡು ಅಲ್ಲೇ ಮುಳುಗ್ತಾನೆ ಕಣಯ್ಯಾ. ಎರಡು ತಿಂಗಳು ಬೇಕು." ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ನಿಂತೆ.

ಸಂಜೆ ಅಕ್ಕ ಫೋನಲ್ಲಿ, "ಅಷ್ಟು ದಿನ ಕಾಯೋ ಹಾಗಿಲ್ಲ ಕಣೋ. ಇವತ್ತು ನನ್ನನ್ನೇ ದನಿಯಿಂದ ಗುರುತು ಹಿಡಿದ್ಳು" ಅಂದ್ಳು. ಅಮ್ಮ ಫೋನ್ ಕಸ್ಕೊಂಡು, "ಹೋಗ್ಲಿ ಬಿಡೋ. ಎಲ್ಲಿ ಕೆಂಪು, ಎಲ್ಲಿ ಹಳದಿ, ನೀನೇ ಹೇಳು. ಆ ದಂಡೆ ನನಗೆ ಗೊತ್ತಿರೋದೇ ಅಲ್ವಾ" ಅಂದ್ಳು.

ಹೇಳೋಕೆ ಹೋದೆ, ಕೆಂಪು ಅಂದು ಅಲ್ಲಿಗೇ ನಿಲ್ಲಿಸ್ದೆ. ಬಲ್ಬಿನ ಬೆಳಕಲ್ಲಿ ಬಣ್ಣ ಸರಿಯಾಗಿ ಕಾಣ್ಸಲ್ಲಮ್ಮಾ ಅಂತ ನೆಪ ಹೇಳಿ ಇಟ್ಬಿಟ್ಟೆ. ನಾಳೆ ಚಿತ್ರಾನ ಕಿಟಕಿ ಹತ್ರ ಇಟ್ಕೊಂಡು, ಮೋಡದಿಂದ ಶುರು ಮಾಡಿ ಒಂದೊಂದೇ ಹೇಳ್ಬೇಕು. ಬೆಳಿಗ್ಗೆ ಏಳಕ್ಕೆ ಫೋನ್ ಮಾಡ್ತೀನಿ.