ಖಾಡಿಗೆ ವಾಪಸ್ ಬಿಡದ ಹೆಣ್ಣುಗಳು

ಕಡಲ ನೀರಿಗೆ ‘ಸಮಾಧಾನಕರ’ ಎಂದು ಮುದ್ರೆ ಒತ್ತುವ ಮಾನ್ಯರೇ,

ನಿಮ್ಮ ಸಮಾಧಾನಕರ ನೀರಿನಲ್ಲಿ ಹೆಣ್ಣು ಶಂಖದಹುಳುಗಳಿಗೆ ಗಂಡಿನ ಅಂಗ ಮೂಡುತ್ತಿದೆ. ಮೊಟ್ಟೆ ಇಡಲಾರದೆ ಅವು ಸಾಯುತ್ತಿವೆ. ನನ್ನ ದೂರಿಗೆ ನೀವು ಕೊಟ್ಟ ಉತ್ತರ ಒಂದೇ ಸಾಲು: ‘ಜಲಚರಗಳ ಲಿಂಗವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.’ ಹಾಗಾದರೆ ಯಾರ ವ್ಯಾಪ್ತಿಗೆ ಬರುತ್ತದೆ? ವಿವಾಹ ನೋಂದಣಿ ಕಚೇರಿಗೋ?

ನನ್ನ ದೊಡ್ಡಮ್ಮ ಶೀಲಾವತಿ ಮೂವತ್ತು ವರ್ಷಗಳಿಂದ ನೀರು ಇಳಿದ ಹೊತ್ತಿಗೆ ಬಂದರಿನ ಪಕ್ಕ ಕಡಲು ಒಳಚಾಚಿದ ಖಾಡಿಯಲ್ಲಿ ಶಂಖದಹುಳು ಹೆಕ್ಕಿ, ಪೇಟೆಯ ಫೋರ್ಟ್ ಬಡಾವಣೆಯಲ್ಲಿರುವ ಮೋನಪ್ಪಣ್ಣನ ಹೋಟೆಲಿಗೆ ಕೊಡುತ್ತಿದ್ದಳು. ಅವಳ ಅತ್ತೆ ಕಲಿಸಿದ ಕಟ್ಟಳೆಯೊಂದಿತ್ತು. ಹೆಕ್ಕಿದ್ದನ್ನೆಲ್ಲ ಉಪ್ಪುನೀರಿನ ಟಬ್ಬಿನಲ್ಲಿ ಬಿಡಬೇಕು. ಹುಳು ತಲೆ ಹೊರಹಾಕಿದಾಗ ಬಲಗಡೆಯ ಕೊಂಬಿನ ಹಿಂದೆ ಬೆರಳಿನಂಥ ಅಂಗ ಕಂಡರೆ ಗಂಡು, ಅದು ಮಾರಾಟಕ್ಕೆ. ಕಾಣದಿದ್ದರೆ ಹೆಣ್ಣು, ಅದು ಖಾಡಿಗೆ ವಾಪಸ್. ನಿಮ್ಮ ಯಾವ ನಿಯಮಾವಳಿಯಾದರೂ ಮೂವತ್ತು ವರ್ಷ ಹೀಗೆ ಚಾಚೂ ತಪ್ಪದೆ ಪಾಲನೆಯಾಗಿದೆಯೇ?

ಹೋದ ವರ್ಷ ಅವಳು ಹಿಗ್ಗಿದ್ದಳು. “ನೋಡೇ ಯಕ್ಷಿತಾ, ಇಡೀ ಟಬ್ಬು ಗಂಡೇ! ವಾಪಸ್ ಬಿಡ್ಲಿಕ್ಕೆ ಒಂದೂ ಇಲ್ಲ ಮಾರಾಯ್ತಿ.”

ಮೋನಪ್ಪಣ್ಣ ನಕ್ಕರು. “ಎಂಥ ಶೀಲಕ್ಕ, ಹೆಣ್ಣುಗಳೆಲ್ಲ ರಜೆಗೆ ಊರಿಗೆ ಹೋದವಾ?”

ನಾನೂ ನಕ್ಕೆ.

ಈ ವರ್ಷ ಖಾಡಿಯಲ್ಲಿ ಮರಿಗಳೇ ಕಾಣಲಿಲ್ಲ. ಆಗ ಕರಪತ್ರವೊಂದರಲ್ಲಿ ಓದಿದೆ: ಹಡಗಿನ ತಳಕ್ಕೆ ಬಳಿಯುತ್ತಿದ್ದ ಒಂದು ಬಣ್ಣದ ವಿಷ ಈ ಹುಳುಗಳ ಹಾರ್ಮೋನನ್ನೇ ಕೆಡಿಸುತ್ತದೆ, ಬಣ್ಣ ನಿಷೇಧವಾದರೂ ವಿಷ ಕೆಸರಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ನಾವು ಗಂಡೆಂದು ಆರಿಸಿದ ಹತ್ತು ಹುಳುಗಳನ್ನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ರೂಪಾಲಿ ಮೇಡಂ ಬಳಿ ಒಯ್ದೆ. ಅವರು ಸೀಳಿ ತೋರಿಸಿದರು. ಹತ್ತರಲ್ಲಿ ಏಳು ಹೆಣ್ಣು. ಹೊರಗೆ ಗಂಡಿನ ಅಂಗ, ಒಳಗೆ ಹೊರಬರುವ ದಾರಿ ಕಟ್ಟಿ ಕೊಳೆತ ಮೊಟ್ಟೆ. ಒಂದೆರಡರಲ್ಲಿ ಮಾತ್ರ ದಾರಿ ಇನ್ನೂ ತೆರೆದಿತ್ತು. ಇನ್ನೂ ಮೊಟ್ಟೆ ಇಡಬಲ್ಲ ಅಂಥವನ್ನೂ ನಾವು ಎಷ್ಟು ಮಾರಿದೆವೋ! ಹೆಣ್ಣನ್ನು ಉಳಿಸುವ ಕಟ್ಟಳೆಯಿಂದಲೇ ದೊಡ್ಡಮ್ಮ ಖಾಡಿಯ ಕೊನೆಯ ಹೆಣ್ಣುಗಳನ್ನು ಹೋಟೆಲಿಗೆ ಕಳಿಸಿದ್ದಳು.

ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: “ನಾನೇ ಕೊಂದದ್ದಾ?”

ಅಲ್ಲವೆಂದೆ. ನಂಬಲಿಲ್ಲ. ಕರಪತ್ರಕ್ಕೆ ಮುದ್ರೆ ಇರುವುದಿಲ್ಲ ನೋಡಿ.

ಆದ್ದರಿಂದ ಖಾಡಿಯ ಕೆಸರಿನಲ್ಲಿ ಆ ವಿಷ ಇದೆಯೇ ಎಂದು ಪರೀಕ್ಷಿಸಿ. ನೀರನ್ನಲ್ಲ, ಕೆಸರನ್ನು. ಫಲಿತಾಂಶವನ್ನು ಬರೆದು ಕೊಡಿ. ಹುಳುಗಳು ಮರಳುತ್ತವೆಂಬ ಭ್ರಮೆ ನನಗಿಲ್ಲ. ನೀವು ಬರುತ್ತೀರೆಂಬ ಭ್ರಮೆಯೂ ಇಲ್ಲ. ಆದರೆ ಕೊಂದದ್ದು ಅವಳಲ್ಲ ಎಂದು ಹೇಳಬಲ್ಲ ಮುದ್ರೆ ನಿಮ್ಮ ಮೇಜಿನ ಮೇಲೆ ಮಾತ್ರ ಇದೆ. ದೊಡ್ಡಮ್ಮ ಈಗ ಖಾಡಿಗೆ ಇಳಿಯುವುದಿಲ್ಲ. ಟಬ್ಬನ್ನು ಗೋಡೆಯ ಬದಿಗೆ ಬೋರಲು ಹಾಕಿಟ್ಟಿದ್ದಾಳೆ.

ಇಂತಿ,
ಇಡೀ ಟಬ್ಬು ಗಂಡೆಂದಾಗ ಜೊತೆಗೆ ನಕ್ಕಿದ್ದ
ಯಕ್ಷಿತಾ